ಹಸಿ ಪಲ್ಯೆಯ ಪಂಕ್ತಿ

ಮೆಂತೆಯ ಸಿವುಡು ಬಿಚ್ಚಿ, ಬೇರು ಚಿವುಟಿ, ಹಳದಿ ಎಲೆಗಳನ್ನು ಬದಿಗೆ ಸರಿಸುತ್ತ ಅರ್ಧ ಬುಟ್ಟಿ ಮುಗಿಸಿದ್ದೆ. ಕೊತ್ತಂಬರಿ ಇನ್ನೂ ಹಾಗೆಯೇ ಬಿದ್ದಿತ್ತು. ಕಾಶಿಯಲ್ಲಿ ಚಳಿಗಾಲದ ಸೊಪ್ಪಿಗೆ ಮರಳು ಜಾಸ್ತಿ. ಎಲೆಯ ಹಿಂಬದಿಗೆ ಅಂಟಿಕೊಂಡಿದ್ದು ಎಷ್ಟು ಜಾಲಿಸಿದರೂ ಒಂದಿಷ್ಟು ಉಳಿದು ಹಲ್ಲಿಗೆ ಸಿಗುತ್ತದೆ. ಅದಕ್ಕೇ ನಮ್ಮ ಮಠದ ಅಡುಗೆಮನೆಯಲ್ಲಿ ಸೊಪ್ಪನ್ನು ಹಿಂದಿನ ದಿನವೇ ಸೋಸಿ, ಜಾಲಿಸಿ, ಒದ್ದೆ ಮಡಿಬಟ್ಟೆಯಲ್ಲಿ ಸುತ್ತಿಡುವುದು ರೂಢಿ. ಮರುದಿನ ಪಂಕ್ತಿಗೆ ಬಡಿಸುವ ಹೊತ್ತಿಗೆ ಅದು ಈಗ ತಾನೇ ಹೊಲದಿಂದ ಕಿತ್ತ ಹಾಗೆ ನಿಗುರಿ ನಿಂತಿರುತ್ತದೆ. ಈ ರೂಢಿ ಹಾಕಿದವಳು ಸಂಗಮ್ಮ. ನನಗಿಂತ ಮೊದಲು ಈ ಅಡುಗೆಮನೆಯನ್ನು ನಡೆಸಿದವಳು.

ಅವಳ ಪತ್ರ ದಸರೆಯ ಹೊತ್ತಿಗೆ ಗದಗಿನಿಂದ ಬಂದಿತ್ತು. ಸಂಕ್ರಾಂತಿ ಕಳೆದರೂ ನಾನು ಉತ್ತರ ಬರೆದಿರಲಿಲ್ಲ.

"ಸಿದ್ದೀ, ರಕ್ತದಾಗಿನ ರೋಗ ಸದ್ಯಕ್ಕ ಅಡಗೇತಿ ಅಂತ ಡಾಕ್ಟರು ಅಂದಾರ" ಎಂದು ಬರೆದಿದ್ದಳು. "ಶಿವರಾತ್ರಿ ಹೊತ್ತಿಗೆ ಒಮ್ಮೆ ಬಂದು ಹೋಗ್ತೀನಿ. ನಮ್ಮ ಪಂಕ್ತ್ಯಾಗ ಎಲ್ಲಾರ ಜೋಡಿ ಕುಂತು ರೊಟ್ಟಿ ಉಣಬೇಕು. ನೀ ಬಾ ಅಂತ ಬರದ್ರ ತೋಂಟೇಶ ಗಾಡಿಗೆ ರಿಸರ್ವೇಶನ್ ಮಾಡಸ್ತಾನ."

ತೋಂಟೇಶ ಅವಳ ತಂಗಿಯ ಮಗ. ಅವಳನ್ನು ನೋಡಿಕೊಳ್ಳುತ್ತಿರುವವನು ಅವನೇ. ಪತ್ರದ ಕೆಳಗೆ ಅವನೂ ನಾಲ್ಕು ಸಾಲು ಸೇರಿಸಿದ್ದ. ದೊಡ್ಡವ್ವನ ಮೈಯಲ್ಲಿ ಈಗ ಸಣ್ಣ ಸೋಂಕನ್ನೂ ತಡೆಯುವ ಶಕ್ತಿ ಇಲ್ಲವಂತೆ. ಹಸಿ ಸೊಪ್ಪು, ಹಸಿ ಕಾಯಿ ಯಾವುದನ್ನೂ ತಿನ್ನಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರಂತೆ. ದಯಮಾಡಿ ಅವಳೊಬ್ಬಳ ಎಲೆಗೆ ಹಸಿಯದನ್ನು ಬಡಿಸಬೇಡಿ.

ಅವಳೊಬ್ಬಳ ಎಲೆಗೆ. ಆ ಮಾತನ್ನು ಓದಿದಾಗಲೇ ನನ್ನ ಕೈ ತಡೆಯಿತು. ನಮ್ಮ ಪಂಕ್ತಿಯಲ್ಲಿ ಒಬ್ಬರ ಎಲೆಗೆ ಒಂದು, ಇನ್ನೊಬ್ಬರ ಎಲೆಗೆ ಇನ್ನೊಂದು ಎಂಬುದಿಲ್ಲ. ಸ್ವಾಮಿಗಳಿಗೆ ಬಡಿಸಿದ್ದೇ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಯಾತ್ರಿಕರನ್ನು ಕರೆತಂದ ಆಟೋದವನಿಗೂ. ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತೆ, ಮೂಲಂಗಿ ಹೋಳು, ಮೇಲೆ ಹಸಿ ಕೊತ್ತಂಬರಿ ಉದುರಿಸಿದ ಕೋಸಂಬರಿ. ಬಾ ಎಂದರೆ ಅವಳ ಜೀವಕ್ಕೆ ಅಪಾಯ. ಬರಬೇಡ ಎಂದರೆ, ಇನ್ನೊಂದು ಚಳಿಗಾಲ ಅವಳಿಗೆ ಉಂಟೋ ಇಲ್ಲವೋ ಬಲ್ಲವರಾರು. ಫೋನು ಮಾಡೋಣವೆಂದರೆ ಅವಳಿಗೆ ಕಿವಿ ಪೂರ್ತಿ ಹೋಗಿದೆ. ತೋಂಟೇಶ ಒಮ್ಮೆ ತಾನೇ ಫೋನು ಮಾಡಿ, ನಿಮ್ಮ ಅಕ್ಷರ ಕಾಣದೆ ದೊಡ್ಡವ್ವ ನಂಬುವುದಿಲ್ಲ ಎಂದ. ಬರೆಯುತ್ತೇನೆ ಎಂದೆ.

ಬರೆಯುವುದನ್ನು ನಾವಿಬ್ಬರೂ ಕೂಡಿಯೇ ಕಲಿತಿದ್ದು. ಗಂಡ ತೀರಿದ ಮೇಲೆ ನಾನು ಈ ಮಠದಲ್ಲೇ ಉಳಿದೆ, ಸಂಗಮ್ಮ ಮೊದಲಿನಿಂದಲೂ ಇದ್ದವಳು. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಮ್ಮ ಕಡೆಯ ಹುಡುಗನೊಬ್ಬ ಪಾತ್ರೆ ತೊಳೆದಾದ ಮೇಲೆ ನಮಗೆ ಅಕ್ಷರ ಹೇಳಿಕೊಡುತ್ತಿದ್ದ. ಅರಸ, ಆನೆ ಎಂದು ಶುರು ಮಾಡಿದ. ಸಂಗಮ್ಮ ಪಾಟಿಯನ್ನು ಪಕ್ಕಕ್ಕಿಟ್ಟು, ಆನೆ ಕಟ್ಟಿಕೊಂಡು ನಮಗೇನಾಗಬೇಕಾಗಿದೆ, ಪಲ್ಯೆಯ ಹೆಸರು ಬರೆಯಲು ಕಲಿಸು ಎಂದಳು. ಹಾಗಾಗಿ ನಾನು ನನ್ನ ಹೆಸರಿಗಿಂತ ಮೊದಲು ಮೆಂತೆ ಎಂದು ಬರೆದವಳು. ಹಕ್ಕರಕಿಯ ಒತ್ತಕ್ಷರಕ್ಕೆ ಒಂದು ವಾರವೇ ಹಿಡಿಯಿತು.

ಹಕ್ಕರಕಿ ನಮ್ಮ ಕರಿಮಣ್ಣಿನ ಜೋಳದ ಹೊಲದಲ್ಲಿ ತಾನಾಗಿ ಹುಟ್ಟುವ ಸೊಪ್ಪು. ಬಿಸಿ ರೊಟ್ಟಿ, ಹಿಂಡಿ ಚಟ್ನಿ, ಮೊಸರಿನ ಜೊತೆ ಹಸಿಯಾಗಿಯೇ ತಿನ್ನುವುದು. ಇಲ್ಲಿ ಅದು ಎಲ್ಲಿ ಸಿಗಬೇಕು. ಗಂಡನ ಜೊತೆ ನಾನು ಬಂದ ಹೊಸತರಲ್ಲಿ ಮಠದ ಊಟವೆಂದರೆ ಆಲೂಗಡ್ಡೆ, ಬೇಳೆ, ಗೋಧಿಯ ರೋಟಿ. ನಾಲಿಗೆ ಸತ್ತುಹೋದಂತಾಗುತ್ತಿತ್ತು. ಒಂದು ದಿನ ಹನುಮಾನ್ ಘಾಟಿನ ಮೇಲಿನ ಗಲ್ಲಿಯಲ್ಲಿ ಸೊಪ್ಪು ಮಾರುವ ಮುದುಕಿಯೊಬ್ಬಳು ಕಡಲೆಗಿಡದ ಕುಡಿಗಳನ್ನು ಹಸಿಮೆಣಸು, ಉಪ್ಪಿನ ಜೊತೆ ಹಾಗೆಯೇ ಮೆಲ್ಲುತ್ತ ಕೂತಿದ್ದಳು. ಸಂಗಮ್ಮ ನಿಂತುಬಿಟ್ಟಳು. ಮುದುಕಿ ಒಂದು ಹಿಡಿ ಮುಂದೆ ಚಾಚಿ, "ಲಾ, ಖಾ ಕೇ ದೇಖಾ ಬಹಿನೀ" ಎಂದಳು. ಸಂಗಮ್ಮ ಅಲ್ಲೇ ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು ತಿಂದಳು. ಮೆಣಸಿನ ಖಾರಕ್ಕೋ ಏನೋ, ಕಣ್ಣಲ್ಲಿ ನೀರಿತ್ತು. ಆ ಮುಂದಿನ ಸೋಮವಾರದಿಂದ ನಮ್ಮ ಪಂಕ್ತಿಯಲ್ಲಿ ಹಸಿ ಪಲ್ಯೆ ಬಂತು. ಜೋಳದ ಹಿಟ್ಟನ್ನು ಊರ ಕಡೆಯ ಯಾತ್ರಿಕರು ತಂದುಕೊಡತೊಡಗಿದರು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಗಲ್ಲಿಯ ಮಕ್ಕಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಮಡಿಬಟ್ಟೆ ಅವಳದೇ ಇಳಕಲ್ ಸೀರೆಯ ತುಂಡು. ಅದಕ್ಕೆ ಸಾಬೂನು ಮುಟ್ಟಿಸುವಂತಿರಲಿಲ್ಲ, ಸಾಬೂನಿನಲ್ಲಿ ಏನೇನು ಕೊಬ್ಬು ಕೂಡಿಸಿರುತ್ತಾರೋ ಎಂದು. ಬಿಸಿಲಿಗೆ ಹಾಕಿದರೆ ಕಾಗೆ ಮುಟ್ಟೀತೆಂದು ಅದನ್ನು ಅಡುಗೆಮನೆಯ ಒಳಗೇ, ನೀರಿನ ಹಂಡೆಯ ಮೇಲೆ ಆರಹಾಕುತ್ತಿದ್ದೆವು. ತಣ್ಣೀರಿನಲ್ಲಿ ಹಿಂಡುವುದು, ಮತ್ತೆ ಸುತ್ತುವುದು. ಅದು ಪೂರ್ತಿ ಒಣಗಿದ್ದನ್ನು ನಾನು ಕಂಡಿದ್ದೇ ಇಲ್ಲ.

ಇವೆಲ್ಲ ಬೇಡದ ನೆನಪು ಎನ್ನಿಸಬಹುದು. ಆದರೆ ಅವತ್ತು ಮೆಂತೆ ಸೋಸುತ್ತ ಕೂತಿದ್ದಾಗ ಉಷಾ ಬಂದು ಹೇಳಿದ ಮಾತು ನೇರವಾಗಿ ಈ ಬಟ್ಟೆಯದೇ ಆಗಿತ್ತು.

ಉಷಾ ದಾವಣಗೆರೆಯವಳು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ. ಅಸ್ಸಿ ಘಾಟಿನ ಕಡೆ ಮನೆ. ಸೋಮವಾರ ಬಿಡುವಾದಾಗಲೆಲ್ಲ ಮಗಳು ಪ್ರಾರ್ಥನಾಳನ್ನು ಕರೆದುಕೊಂಡು ನಮ್ಮ ಪಂಕ್ತಿಗೆ ಬರುತ್ತಾಳೆ, ಮಗುವಿನ ಕಿವಿಗೆ ಸ್ವಲ್ಪ ಕನ್ನಡ ಬೀಳಲಿ ಎಂದು. ಮಗು ಹಿಂದಿಯಲ್ಲೇ ಉಣ್ಣುತ್ತದೆ, ಹಿಂದಿಯಲ್ಲೇ ಕೈ ತೊಳೆಯುತ್ತದೆ. ಈ ವರ್ಷ ಉಷಾ ಪೇಟೆಯ ಹಸಿ ಸೊಪ್ಪು, ತರಕಾರಿಗಳ ಮೇಲೆ ಯಾವ ಯಾವ ಬ್ಯಾಕ್ಟೀರಿಯಾ ಇರುತ್ತವೆ ಎಂದು ಪರೀಕ್ಷೆ ಮಾಡುತ್ತಿದ್ದಳು. ನಾನೇ ಅವಳಿಗೆ ಸಂಗಮ್ಮನ ಪತ್ರ ತೋರಿಸಿ, ನಮ್ಮ ಸೊಪ್ಪನ್ನೂ ನೋಡಮ್ಮ, ಶುದ್ಧ ಇದ್ದರೆ ಧೈರ್ಯವಾಗಿ ಬಾ ಎಂದು ಬರೆದೇನು ಎಂದಿದ್ದೆ. ಪೇಟೆಯಿಂದ ಬಂದ ಸಿವುಡಿನದಷ್ಟು, ತೊಳೆದದ್ದಷ್ಟು, ಬಟ್ಟೆಯಿಂದ ಬಿಚ್ಚಿದ್ದಷ್ಟು ಬೇರೆ ಬೇರೆ ಚೀಲದಲ್ಲಿ ಒಯ್ದಿದ್ದಳು.

ಅವತ್ತು ಅವಳು ನನ್ನ ಪಕ್ಕ ಕೂತು, ತಾನೂ ಒಂದು ಸಿವುಡು ಎತ್ತಿಕೊಂಡಳು. ಕೆಟ್ಟ ಸುದ್ದಿ ಹೇಳುವವರು ಹೀಗೆ ಕೈಗೊಂದು ಕೆಲಸ ಹುಡುಕಿಕೊಳ್ಳುತ್ತಾರೆ.

"ಅಜ್ಜಿ, ಪೇಟೆ ಸೊಪ್ಪಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇತ್ತು. ಅದು ನನಗೆ ಗೊತ್ತಿದ್ದಿದ್ದೇ. ನೀವು ತೊಳೆದ ಮೇಲೆ ಕಡಿಮೆ ಆಗಿತ್ತು. ಚೆನ್ನಾಗೇ ತೊಳೀತೀರ. ಆದ್ರೆ ಬಟ್ಟೇಲಿ ಇಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಆಗಿದೆ."

ಬಾಗಿಲಲ್ಲಿ ಪ್ರಭುಲಿಂಗಯ್ಯನವರು ನಿಂತು ಕೇಳುತ್ತಿದ್ದರು. ಚಂದ್ರಮೌಳೇಶ್ವರನ ಪೂಜೆಯೂ ಅಡುಗೆಯ ಮೇಲಿನ ಯಜಮಾನಿಕೆಯೂ ಅವರದೇ. ಎಂಬತ್ತು ದಾಟಿದ ಜಂಗಮರು, ಬಾಯಲ್ಲಿ ಹಲ್ಲು ಎಣಿಸಿದಷ್ಟು.

"ಇಷ್ಟು ವರ್ಷ ತಿಂದೀವಲ್ಲ ತಾಯಿ, ಸತ್ತೀವೇನು?" ಎಂದರು.

"ಹೋದ ವರ್ಷ ಹತ್ರಕ್ಕೆ ಹೋಗಿ ಬಂದ್ರಲ್ಲ, ಅಯ್ಯನವರೇ."

ಹೋದ ವರ್ಷ ಅವರಿಗೆ ಮೂತ್ರದ ಸೋಂಕಾಗಿ ಜ್ವರ ಏರಿ, ಯಾವ ಗುಳಿಗೆಗೂ ಇಳಿಯದೆ, ಆಸ್ಪತ್ರೆಯಲ್ಲಿ ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಂಡು ಬಂದಿದ್ದರು. ಅದು ಸೊಪ್ಪಿನಿಂದಲೇ ಬಂತು ಅಂತೀಯೇನು ಎಂದು ಅವರು ಕೇಳಿದರು. ಉಷಾ ಇಲ್ಲವೆಂದು ತಲೆಯಾಡಿಸಿದಳು. ಹಾಗೆ ಹೇಳಲು ಯಾರಿಂದಲೂ ಆಗುವುದಿಲ್ಲ, ನಾನು ಹೇಳುವುದೂ ಇಲ್ಲ ಎಂದಳು. ಆಮೇಲೆ ಮೆಲ್ಲಗೆ ತಿಳಿಸಿ ಹೇಳಿದಳು. ಗಟ್ಟಿಯಿದ್ದವರು ಇದನ್ನು ತಿಂದರೆ ಬಹಳ ಸಲ ಏನೂ ಆಗುವುದಿಲ್ಲ, ಹೊಟ್ಟೆಯಲ್ಲಿ ಸುಮ್ಮನೆ ಇದ್ದು ಹೋಗುತ್ತದೆ. ಆದರೆ ಅದರಿಂದ ಯಾವಾಗಲಾದರೂ ಕಾಯಿಲೆ ಎದ್ದರೆ, ಸಾಮಾನ್ಯ ಆಂಟಿಬಯಾಟಿಕ್ ಅದಕ್ಕೆ ನಾಟುವುದಿಲ್ಲ. ಮನುಷ್ಯರಿಗೂ ದನಕ್ಕೂ ಕೋಳಿಗೂ ಬೇಕಾಬಿಟ್ಟಿ ಆ ಔಷಧಿ ಕೊಟ್ಟಿದ್ದೇವೆ, ಅದೆಲ್ಲ ಚರಂಡಿಗೆ ಹೋಗಿ, ಆ ನೀರು ಹೊಲಕ್ಕೆ ಬಂದು, ಬ್ಯಾಕ್ಟೀರಿಯಾಗಳು ಔಷಧಿಯನ್ನೇ ಅರಗಿಸಿಕೊಳ್ಳುವುದನ್ನು ಕಲಿತಿವೆ. ಸೊಪ್ಪು ಮಾರುವವಳ ತಪ್ಪಲ್ಲ, ನಿಮ್ಮದೂ ಅಲ್ಲ. ಒದ್ದೆ ಬಟ್ಟೆ, ಬೆಚ್ಚನೆಯ ಅಡುಗೆಮನೆ. ಅವಕ್ಕೆ ಇದಕ್ಕಿಂತ ಒಳ್ಳೆಯ ಛತ್ರ ಇನ್ನೊಂದಿಲ್ಲ. ಬೇಯಿಸಿದರೆ ಸಾಯುತ್ತವೆ.

"ಬಟ್ಟೆ ಕುದಿಸಿದರೆ?" ಎಂದು ಕೇಳಿದೆ.

"ಬಟ್ಟೆ ಸರಿಹೋಗುತ್ತೆ, ಅಜ್ಜಿ. ಸೊಪ್ಪು ಆಗಲ್ಲ. ಸಂಗಮ್ಮನವರಿಗೆ ತೊಳೆದ ಹಸಿ ಸೊಪ್ಪೂ ಬೇಡ."

ಆದರೂ ಅವಳು ಹೋದ ಮೇಲೆ ನಾನು ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿದೆ. ಕೋಲಿನಿಂದ ಎತ್ತಿದಾಗ ಅದು ಕೋಲಿಗೆ ಜೋತುಬೀಳದೆ ಎಳೆ ಎಳೆಯಾಗಿ ನೀರಿಗೇ ಇಳಿಯಿತು. ಅಂಚಿನ ಕೆಂಪು ಮಾತ್ರ ಒಂದು ಗೇಣಿನಷ್ಟು ಉಳಿಯಿತು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಈ ಸೀರೆ ಉಟ್ಟುಕೊಂಡೇ ಸಂಗಮ್ಮ ನನ್ನನ್ನು ಒಲೆಯ ಮುಂದೆ ಕೂರಿಸಿ, ಗಂಡ ಸತ್ತನೆಂದು ಹಸಿವು ಸಾಯುವುದಿಲ್ಲ, ಮೊದಲು ಉಣ್ಣು ಎಂದಿದ್ದಳು. ಆಗ ಅವಳು ರೊಟ್ಟಿಯ ಮೇಲೆ ಇಟ್ಟುಕೊಟ್ಟದ್ದು ಹಸಿ ಮೆಂತೆಯನ್ನೇ. ಆ ಕಹಿ, ಅದರ ಹಿಂದೆಯೇ ಬರುವ ತಂಪು, ಇವತ್ತಿಗೂ ನನ್ನ ಬಾಯಲ್ಲಿದೆ. ಅದರಲ್ಲಿ ಕೆಡುಕಿತ್ತು ಎಂದು ನಂಬಲು ಮನಸ್ಸು ಒಪ್ಪಲಿಲ್ಲ. ಆಗ ಇದ್ದಿರಲಿಕ್ಕಿಲ್ಲ ಎಂದುಕೊಂಡೆ. ಈಗ ಇದೆ.

ಸಂಜೆ ಪ್ರಭುಲಿಂಗಯ್ಯನವರ ಬಳಿ ಮಾತು ತೆಗೆದೆ. ಪಂಕ್ತಿಯಿಂದ ಹಸಿ ಪಲ್ಯೆ ತೆಗೆದುಬಿಡೋಣ, ಸಂಗಮ್ಮ ಬರಲಿ ಎಂದೆ. ಅವರು ಒಪ್ಪಲಿಲ್ಲ. ದೇವರ ಎಡೆಗೆ ಇಡುವ ಪದಾರ್ಥ, ಯಾತ್ರಿಕರು ಅದನ್ನೇ ನೆನೆದು ಬರುತ್ತಾರೆ, ಸಂಗಮ್ಮನೇ ಹಾಕಿಕೊಟ್ಟ ಪದ್ಧತಿಯನ್ನು ಮುರಿದು ಅವಳನ್ನು ಕರೆಸುವುದೇ ಎಂದರು. ಬೇಕಾದರೆ ಅವಳಿಗೆ ಒಳಗಿನ ಕೋಣೆಯಲ್ಲಿ ಬೇರೆ ಬಡಿಸು, ಪಥ್ಯದ ಊಟವೆಂದು.

ಅದನ್ನೂ ಬರೆದು ನೋಡಿದೆ. 'ನಿನಗೆ ಒಳಗಿನ ಕೋಣೆಯಲ್ಲಿ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಎಲ್ಲರ ಜೋಡಿ ಕುಂತು ಎಂದು ಬರೆದವಳಿಗೆ ಇದನ್ನು ಕಳಿಸುವುದು ಹೇಗೆ. ಕಾಗದ ಹರಿದು ಒಲೆಗೆ ಹಾಕಿದೆ.

ನನಗೆ ವಾದ ಮಾಡಲು ಬರುವುದಿಲ್ಲ, ಕಾಯಲು ಬರುತ್ತದೆ. ಮರುದಿನದಿಂದ ಪ್ರಭುಲಿಂಗಯ್ಯನವರ ಎಲೆಗೆ ಹೋಗುವ ಹಸಿ ಮೆಂತೆಯನ್ನು ಹಲ್ಲು ಸಾಲದೆಂದು ಸಣ್ಣಗೆ ಹೆಚ್ಚಿಕೊಡುತ್ತಿದ್ದುದನ್ನು ಬಿಟ್ಟೆ. ಎಲ್ಲರಿಗೂ ಬಡಿಸಿದ ಹಾಗೆ ಇಡೀ ಎಲೆಯನ್ನೇ ಬಡಿಸಿದೆ. ಅವರು ಅದನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿ, ಕೊನೆಗೆ ನಾರನ್ನು ಎಲೆಯ ಅಂಚಿಗೆ ಇಟ್ಟರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ನನ್ನ ಕಡೆ ನೋಡಿ ಕೇಳಿದರು.

"ಗುರುಸಿದ್ದವ್ವಾ, ನನ್ನ ಪಲ್ಯೆ ಯಾಕ ಹೆಚ್ಚವಲ್ಲಿ?"

"ಪಂಕ್ತ್ಯಾಗ ಬ್ಯಾರೆ ಬಡಸಬಾರದಲ್ರಿ, ಅಯ್ಯಾರ."

ಪಂಕ್ತಿಯಲ್ಲಿದ್ದವರು ನಕ್ಕರು. ಅವರೂ ನಕ್ಕರು, ಆದರೆ ತಡವಾಗಿ.

ಊಟವಾದ ಮೇಲೆ ಅವರು ಕೈಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯ ಕಟ್ಟೆಗೆ ಬಂದು ಕೂತರು. ನಾನು ಒಂದು ಬಟ್ಟಲು ಮುಂದಿಟ್ಟೆ. ಮೆಂತೆಯನ್ನು ಬಿಸಿನೀರಲ್ಲಿ ಚೆನ್ನಾಗಿ ಬೇಯಿಸಿ, ಹಿಂಡಿ, ಬೆಳ್ಳುಳ್ಳಿ ಇಲ್ಲದ ಒಗ್ಗರಣೆ ಕೊಟ್ಟು, ಮೇಲೆ ಹುರಿದ ಶೇಂಗಾ ಪುಡಿ ಉದುರಿಸಿದ್ದೆ. ತಿಂದರು. ಇದಕ್ಕೆ ಆ ಕರಕರ ಇಲ್ಲ ಎಂದರು. ಇಲ್ಲ ಎಂದೆ. ಮತ್ತೆ ಒಂದು ತುತ್ತು ತೆಗೆದುಕೊಂಡರು.

ಆಗ ಕೇಳಿದೆ. "ತುಪ್ಪದ ದಿನ ನೆನಪೈತೇನ್ರಿ?"

ಅವರು ಬಟ್ಟಲನ್ನೇ ನೋಡಿದರು. ನೆನಪಿತ್ತು. ಆ ದಿನ ದೊಡ್ಡ ಕುಳವೊಬ್ಬರು ಸಂಸಾರ ಸಮೇತ ಬಂದಿದ್ದರು, ಮಠಕ್ಕೆ ಬಹಳ ಬೇಕಾದವರು. ಪ್ರಭುಲಿಂಗಯ್ಯನವರು ಆಗ ಗಟ್ಟಿ ಆಳು. ತುಪ್ಪದ ಗಿಂಡಿ ತಂದು ಅವರ ಎಲೆಗಳಿಗೆ ಮಾತ್ರ ಎರಡನೆಯ ಸಲ ಸುರಿಯಹೊರಟರು. ಸಂಗಮ್ಮ ಅವರ ಕೈಯಿಂದಲೇ ಗಿಂಡಿ ತೆಗೆದುಕೊಂಡು, ಸಾಲಿನ ಕೊನೆಯಲ್ಲಿ ಕೂತಿದ್ದ ನಾವಿಕನಿಂದ ಹಿಡಿದು ಬಡಿಸುತ್ತ ಬಂದಳು. ಕುಳದ ಹತ್ತಿರ ಬರುವಷ್ಟರಲ್ಲಿ ಗಿಂಡಿ ಬರಿದಾಗಿತ್ತು. ಎಲ್ಲರಿಗೂ ಸಾಲದ್ದು ಯಾರಿಗೂ ಬೇಡ ಎಂದು ಅವರ ಮುಂದೆಯೇ ಹೇಳಿ, ಮುಂದಿನ ಸೋಮವಾರದಿಂದ ಎರಡನೆಯ ತುಪ್ಪವನ್ನೇ ನಿಲ್ಲಿಸಿದಳು. ಪ್ರಭುಲಿಂಗಯ್ಯನವರು ಆಮೇಲೆ ಒಂದು ತಿಂಗಳು ಅವಳೊಡನೆ ಮಾತಾಡಿರಲಿಲ್ಲ.

"ಬಾಳ ಜೋರಿನ ಹೆಣಮಗಳು" ಎಂದರು ಈಗ. ಬಟ್ಟಲಿನ ತಳವನ್ನು ಬೆರಳಿನಿಂದ ಒರೆಸಿದರು. ಹೊರಗೆ ಪಾತ್ರೆಗಳ ಸಪ್ಪಳ ನಿಂತಿತ್ತು. "ಒಬ್ಬಾಕಿಗೆ ಬಡಸಾಕ ಬರದ್ದು ಯಾರಿಗೂ ಬ್ಯಾಡ. ಸೋಮವಾರದಿಂದ ತಗದುಬಿಡು. ದೇವರಿಗೆ ನಾ ಹೇಳ್ಕೋತೀನಿ."

ಸೋಮವಾರ ಬೇಯಿಸಿದ ಪಲ್ಯೆಯನ್ನೇ ಎಡೆಗಿಟ್ಟರು. ಎಡೆಯ ಮುಂದೆ ಅವರು ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ನಿಂತದ್ದನ್ನು ನೋಡಿದೆ. ಏನು ಹೇಳಿಕೊಂಡರೋ ಕೇಳಲಿಲ್ಲ. ಪಂಕ್ತಿಯಲ್ಲಿ ವಿಜಯಪುರದ ಕಡೆಯ ಯಾತ್ರಿಕರು ಇದ್ದರು. ಅವರಲ್ಲೊಬ್ಬ, ಹಸೀ ಪಲ್ಯೆ ಸಿಗ್ತದಂತ ನಮ್ಮಪ್ಪ ಹೇಳಿ ಕಳಿಸಿದ್ದ, ಎಲ್ಲೈತಿ ಅದು ಎಂದ. ಪ್ರಭುಲಿಂಗಯ್ಯನವರು ತಲೆ ಎತ್ತದೆ, ಇಲ್ಲಿ ಎಲ್ಲಾರಿಗೂ ಇದ ಎಂದರು. ಅವನು ಒಂದಿಷ್ಟು ಗೊಣಗಿ, ಎರಡು ಸಲ ಬಡಿಸಿಕೊಂಡ. ಪ್ರಾರ್ಥನಾ ಮಾತ್ರ ಬಾಯಿ ತುಂಬಿಕೊಂಡು, "ಅಜ್ಜಿ, ಯೇ ವಾಲಾ ಅಚ್ಛಾ ಹೈ, ವೋ ತೋ ಘಾಸ್ ಥಾ" ಎಂದಿತು. ಹಿಂದಿನದು ಹುಲ್ಲಾಗಿತ್ತಂತೆ. ಉಷಾ ಮಗಳ ಬೆನ್ನಿಗೆ ಮೆಲ್ಲಗೆ ತಟ್ಟಿದಳು. ನನಗೆ ನಗು ಬಂತು, ಒಳಗೆ ಎಲ್ಲೋ ಸಣ್ಣಗೆ ನೋವೂ ಆಯಿತು. ಆ ಹುಲ್ಲಿಗಾಗಿ ನಾವಿಬ್ಬರು ಕಾಶಿಯ ಎಷ್ಟು ಗಲ್ಲಿಗಳನ್ನು ಸುತ್ತಿದ್ದೇವೆ.

ಮಧ್ಯಾಹ್ನ ಪಾತ್ರೆಗಳೆಲ್ಲ ಬೋರಲು ಬಿದ್ದ ಮೇಲೆ, ಅಂಗಳದ ಬಿಸಿಲಿನಲ್ಲಿ ಕೂತು ಬರೆದೆ. ಈ ಸಲ ಪೆನ್ನು ನಿಲ್ಲಲಿಲ್ಲ. ಅವಳು ನನ್ನ ಜೊತೆ ಮಾತಾಡುವ ಹಾಗೆಯೇ ನಾನೂ ಬರೆದೆ.

"ಸಂಗಕ್ಕಾ, ಬಾ. ನಮ್ಮ ಪಂಕ್ತ್ಯಾಗ ಇನ್ನ ಹಸೀ ಪಲ್ಯೆ ಇಲ್ಲ. ನಿನಗ ಅಷ್ಟ ಅಲ್ಲ, ಯಾರಿಗೂ ಇಲ್ಲ. ಪೇಟಿ ಸೊಪ್ಪಿನ ಮ್ಯಾಲ ಈಗ ಔಷಧಕ್ಕ ಬಗ್ಗದ ಹುಳ ಅದಾವಂತ, ಕಣ್ಣಿಗೆ ಕಾಣೂದಿಲ್ಲ. ನಿನ್ನ ಸೀರಿ ತುಂಡಿನ್ಯಾಗ ಅವು ಹೆಚ್ಚಾಗಿದ್ದುವು. ಕುದಿಸಿದೆ, ಹರದು ಹೋತು. ಸಿಟ್ಟು ಬಂದ್ರ ಇಲ್ಲಿ ಬಂದು ಬೈ. ಅಯ್ಯಾರು ನೀ ಬಾಳ ಜೋರಿನಾಕಿ ಅಂದ್ರು. ಬೇಯಿಸಿದ ಮೆಂತೆ ನಿನಗ ಸೇರೂದಿಲ್ಲ ಅಂತ ನನಗ ಗೊತ್ತೈತಿ. ನನಗೂ ಸೇರೂದಿಲ್ಲ. ಇಬ್ಬರೂ ಕೂಡಿ ಉಣ್ಣೂಣು."

ಓದಿ ನೋಡಿದೆ. ಹಸಿ ಪಲ್ಯೆ ಇಲ್ಲದ ಪಂಕ್ತಿಗೆ ಅವಳು ಬಂದಾಳೇ ಎಂಬ ಅಳುಕು ಇತ್ತು. ನನ್ನ ಅಡುಗೆಮನೆಯನ್ನು ಕೆಡಿಸಿಟ್ಟು ಕರೆಯುತ್ತೀಯಾ ಎಂದು ಮುನಿಸಿಕೊಂಡು ಕೂತರೂ ಕೂತಾಳು. ಒಂದು ಸಾಲನ್ನು ಹೊಡೆದು ಮೆತ್ತಗೆ ಬರೆಯೋಣವೇ ಎನ್ನಿಸಿತು. ಬರೆಯಲಿಲ್ಲ. ನಾವಿಬ್ಬರೂ ಅಕ್ಷರ ಕಲಿತದ್ದು ಇದ್ದದ್ದನ್ನು ಬರೆಯುವುದಕ್ಕೇ ತಾನೇ.

ಶಾಲು ಹೊದ್ದು, ಗೂಳಿಗಳನ್ನೂ ಸೈಕಲ್ ರಿಕ್ಷಾಗಳನ್ನೂ ದಾಟಿ, ಪೋಸ್ಟಾಫೀಸಿಗೆ ನಡೆದೇ ಹೋದೆ. ದಾರಿಯಲ್ಲಿ ಸೊಪ್ಪಿನವಳು, "ಮಾಈ, ಧನಿಯಾ ಏಕದಮ್ ತಾಜಾ ಬಾ" ಎಂದು ಕೊತ್ತಂಬರಿಯ ತಾಜಾ ಸಿವುಡು ಎತ್ತಿ ತೋರಿಸಿ ಕೂಗಿದಳು. ನಾಳೆ ಎಂದೆ. ಸ್ಪೀಡ್ ಪೋಸ್ಟಿನ ಕಿಟಕಿಯಲ್ಲಿದ್ದವನು ಲಕೋಟೆಯನ್ನು ತೂಗಿ, ಗದಗ ಎಲ್ಲಿದೆ ಎಂದು ಕೇಳಿದ. ಹುಬ್ಬಳ್ಳಿಯ ಹತ್ತಿರ ಎಂದರೆ ಅವನಿಗೆ ಅದೂ ತಿಳಿಯಲಿಲ್ಲ. ಪಿನ್‌ಕೋಡ್ ನೋಡಿ ಕಂಪ್ಯೂಟರಿನಲ್ಲಿ ಒತ್ತಿದ, ಚೀಟಿ ಅಂಟಿಸಿದ, ನನ್ನ ಕಡೆ ನೋಡದೆಯೇ ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದ. ಅದು ಬೇರೆ ಲಕೋಟೆಗಳ ನಡುವೆ ಜಾರಿ ಒಳಗೆ ಹೋಯಿತು. ನಾನು ಕಿಟಕಿ ಹಿಡಿದು ನಿಂತೇ ಇದ್ದೆ.

"ಹೋ ಗಯಾ, ಮಾತಾಜಿ" ಎಂದ ಅವನು.